ಅಧ್ಯಕ್ಷರ ಪತಿ ಟ್ಯಾಂಕ್ ಹತ್ತಿದ್ದು

ಎಲ್ಲಕ್ಕೂ ಮೂಲ, ಹುಣಸೆಬೀಜದಷ್ಟು ದೊಡ್ಡದೊಂದು ಇಯರ್‌ಫೋನ್. ಬಾಳೆಹೊನ್ನೂರಿನ ಮೊಬೈಲ್ ಅಂಗಡಿಯಲ್ಲಿ ಸುಂದರೇಶ ಅದನ್ನು ಮೂರು ಸಲ ಕಿವಿಗೆ ಹಾಕಿ ತೆಗೆದು, ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗಿ ನೋಡಿ, ಕೂದಲು ಮುಚ್ಚಿದರೆ ದೇವರಿಗೂ ಕಾಣುವುದಿಲ್ಲ ಅಂತ ಖಾತ್ರಿಯಾದ ಮೇಲೆ ತಂದಿದ್ದ. ಅಂಥ ಚೂರು ಸಾಮಾನಿಗಾಗಿ ಒಬ್ಬ ಮನುಷ್ಯ ಐವತ್ತು ಅಡಿ ಎತ್ತರದ ನೀರಿನ ಟ್ಯಾಂಕ್ ಹತ್ತಿದ ಅಂದರೆ ನಂಬುವುದು ಕಷ್ಟ. ನಂಬದವರು ಬಸರೀಕಟ್ಟೆಯ ಜೀಪ್ ಸ್ಟ್ಯಾಂಡಿನಲ್ಲಿ ಕೇಳಬಹುದು. ಅಲ್ಲಿ ನೂರು ಅಡಿ ಅಂತಾರೆ. ಸತ್ಯಕ್ಕೆ ಹೆದರುವವರು ಯಾರಾದರೂ ಇರಬೇಕಲ್ಲ, ಅದಕ್ಕೆ ಇಲ್ಲಿ ಅರ್ಧಕ್ಕೆ ಇಳಿಸಿದೆ.

ಸುಂದರೇಶ ಹಲಸಿನಬೈಲು ಗ್ರಾಮ ಪಂಚಾಯ್ತಿ ಅಧ್ಯಕ್ಷರ ಗಂಡ. ಇದೂ ಒಂದು ಹುದ್ದೆ ಅಂತ ಸರ್ಕಾರಕ್ಕೆ ಇನ್ನೂ ಗೊತ್ತಾಗಿಲ್ಲ, ಸುಂದರೇಶನಿಗೆ ಗೊತ್ತಾಗಿ ಎರಡು ವರ್ಷವಾಗಿತ್ತು. ಅದಕ್ಕೂ ಮುಂಚೆ ಅವನು ಎಸ್ಟೇಟುಗಳಿಗೆ ಆಳುಗಳನ್ನು ಸಾಗಿಸುವ ಜೀಪು ಓಡಿಸುತ್ತಿದ್ದ. ಒಂದು ಜೀಪಿನಲ್ಲಿ ಇಪ್ಪತ್ತೆರಡು ಜನ ಹಿಡಿಸುತ್ತಿದ್ದ, ಬಾನೆಟ್ ಮೇಲೆ ಕೂತವರು ಬೇರೆ. ಪಂಚಾಯ್ತಿ ಚುನಾವಣೆಗೆ ನಿಲ್ಲಬೇಕೆಂದು ಎರಡು ಜೊತೆ ಬಿಳಿ ಅಂಗಿ ಹೊಲಿಸಿ ಆದ ಮೇಲೆ ವಾರ್ಡು ಮಹಿಳೆಗೆ ಮೀಸಲಾಯಿತು. ಹೊಲಿಸಿದ ಅಂಗಿ ಹಾಳಾಗಬಾರದಲ್ಲ, ಹೆಂಡತಿ ಪವಿತ್ರಾಳನ್ನು ನಿಲ್ಲಿಸಿದ. ಫ್ಲೆಕ್ಸಿನಲ್ಲಿ ಅವನ ಮುಖ ಕುಂಬಳಕಾಯಿಯಷ್ಟು, ಅವಳದ್ದು ನಿಂಬೆಹಣ್ಣಿನಷ್ಟು. ನಿಂಬೆಹಣ್ಣು ಗೆದ್ದಿತು. ಅಧ್ಯಕ್ಷಗಿರಿಯೂ ಮಹಿಳೆಗೇ ಬಂದು ನಿಂಬೆಹಣ್ಣೇ ಅಧ್ಯಕ್ಷೆಯೂ ಆಯಿತು.

ಪಂಚಾಯ್ತಿ ಕಟ್ಟಡದ ಮೂಲೆಯಲ್ಲಿ ಒಂದು ಚೆಂದದ ಕೋಣೆ ಇತ್ತು. ಎರಡು ಕಿಟಕಿ, ಟೈಲ್ಸ್ ನೆಲ, ಒಳಗೇ ನಲ್ಲಿ, ಒಳಗೇ ಶೌಚಾಲಯ. ಸುಂದರೇಶ ಅಲ್ಲಿ ತಿರುಗುವ ಕುರ್ಚಿ ಹಾಕಿಸಿಕೊಂಡು, ಬಾಗಿಲಿಗೆ ‘ಅಧ್ಯಕ್ಷರ ಪತಿಯವರ ಕಚೇರಿ’ ಅಂತ ಬೋರ್ಡು ಹೊಡೆಸಿ ಕೂತ. ನಿಜವಾದ ಅಧ್ಯಕ್ಷೆ ಹೊರಗೆ ಬಿಲ್ ಕಲೆಕ್ಟರನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಒಳಗಿನಿಂದ ಕಾಗದ ಬರುತ್ತಿತ್ತು, ಅವಳು ಸಹಿ ಹಾಕುತ್ತಿದ್ದಳು. ಓದುತ್ತಾ ಕೂರಬೇಡ, ತಡವಾಗುತ್ತೆ ಅಂತ ಅವನ ತಾಕೀತು. ಅವಳು ‘ಆಯ್ತು’ ಅನ್ನುತ್ತಿದ್ದಳು. ಎರಡು ವರ್ಷದಲ್ಲಿ ಅವಳು ಬೇರೆ ಮಾತಾಡಿದ್ದು ಅವನ ನೆನಪಿನಲ್ಲಿಲ್ಲ.

ಆ ಕೋಣೆಗೆ ಈಗ ಕುತ್ತು ಬಂದಿತ್ತು.

ಎಸ್ಟೇಟಿಗೆ ಹೋಗುವ ಹೆಂಗಸರಿಗೆಲ್ಲ ಒಂದು ಕೂಸಿನ ಮನೆ ಬೇಕಿತ್ತು. ಕೆಲಸ ಮುಗಿಯುವ ತನಕ ಮಕ್ಕಳನ್ನು ಬಿಟ್ಟುಹೋಗಲು ಒಂದು ಜಾಗ. ಈಗ ಅವರು ಮಕ್ಕಳನ್ನು ಕಾಫಿ ಗಿಡದ ಬುಡದಲ್ಲಿ ಸೀರೆ ಹಾಸಿ ಮಲಗಿಸಿ ಕೊಯ್ಲಿಗೆ ಹೋಗುತ್ತಿದ್ದರು. ಹೋದ ತಿಂಗಳು ವಸಂತಮ್ಮನ ಒಂದು ವರ್ಷದ ಮಗಳು ಅಂಬೆಗಾಲಿಡುತ್ತಾ ಹೋಗಿ ನೀರು ತುಂಬಿದ ಗೊಬ್ಬರದ ಗುಂಡಿಗೆ ಬಿದ್ದಿದ್ದಳು. ಪುಣ್ಯಕ್ಕೆ ಯಾರೋ ಕಂಡರು, ಎತ್ತಿದರು. ಅಲ್ಲಿಂದೀಚೆ ವಸಂತಮ್ಮ ಮಗುವನ್ನು ಸೊಂಟದಿಂದ ಇಳಿಸಿದ್ದನ್ನು ಯಾರೂ ನೋಡಿಲ್ಲ. ಸೋಮವಾರದ ಮಹಿಳಾ ಗ್ರಾಮಸಭೆಯಲ್ಲಿ ಅವಳು ಇದನ್ನೇ ಎತ್ತುತ್ತಾಳೆ ಅಂತ ಊರಿಗೆಲ್ಲ ಗೊತ್ತಿತ್ತು. ಕೂಸಿನ ಮನೆಗೆ ಹೇಳಿ ಮಾಡಿಸಿದ ಹಾಗೆ ನಲ್ಲಿ, ಶೌಚಾಲಯ, ಗಾಳಿ, ಬೆಳಕು ಎಲ್ಲ ಇರುವ ಕೋಣೆ ಇಡೀ ಹಲಸಿನಬೈಲಿನಲ್ಲಿ ಒಂದೇ ಅಂತಲೂ ಗೊತ್ತಿತ್ತು.

ಸುಂದರೇಶ ಸಭೆಯಲ್ಲಿ ಕೂತಿದ್ದರೆ ಒಂದೇ ಮಾತಿನಲ್ಲಿ ತಿರುಗಿಸಿಬಿಡುತ್ತಿದ್ದ. ಆದರೆ ಕೂರುವ ಹಾಗಿರಲಿಲ್ಲ. ಸಭೆ ನೋಡಿಕೊಳ್ಳಲು ನೇಮಕವಾದ ನೋಡಲ್ ಅಧಿಕಾರಿ ನೀಲಾಂಬಿಕೆ ಹಿಂದಿನ ವಾರ ಬಂದವರು, ತಿರುಗುವ ಕುರ್ಚಿಯಲ್ಲಿ ತಿರುಗುತ್ತಿದ್ದ ಇವನನ್ನು ಕಂಡು ನೀವು ಯಾರು ಅಂತ ಕೇಳಿದರು. ಸುಂದರೇಶ ಹೆಮ್ಮೆಯಿಂದ ವಿಸಿಟಿಂಗ್ ಕಾರ್ಡ್ ಕೊಟ್ಟ. ‘ಸುಂದರೇಶ್, ಅಧ್ಯಕ್ಷರ ಪತಿ.’ ಆಕೆ ಕಾರ್ಡಿನ ಎರಡೂ ಬದಿ ಓದಿ, ಫೈಲಿನೊಳಗೆ ಇಟ್ಟುಕೊಂಡು, ತಣ್ಣಗೆ ಹೇಳಿದರು: “ಸಭೆಯ ದಿನ ನೀವು ಗೇಟಿನೊಳಗೆ ಕಾಣಿಸಬಾರದು. ಹೊರಗಿಂದ ಹೇಳಿಕೊಟ್ಟದ್ದು ಗೊತ್ತಾದರೂ ಅಷ್ಟೇ. ನಿಮ್ಮ ಕಾರ್ಡ್ ಲಗತ್ತಿಸಿ ವರದಿ ಕಳಿಸ್ತೇನೆ. ಅಧ್ಯಕ್ಷರೇ ಹೋದ ಮೇಲೆ ಅಧ್ಯಕ್ಷರ ಪತಿ ಎಲ್ಲಿರ್ತಾರೆ?”

ಆ ಪ್ರಶ್ನೆಗೆ ಉತ್ತರವಾಗಿ ಸುಂದರೇಶ ಇಯರ್‌ಫೋನ್ ತಂದಿದ್ದ.

ಉಪಾಯವನ್ನು ಅವನು ಭಾನುವಾರವಿಡೀ ಹೆಂಡತಿಗೆ ಅರೆದು ಕುಡಿಸಿದ. ಪಂಚಾಯ್ತಿಯಲ್ಲಿ ವೈಫೈ ಇದೆ, ಅವಳ ಫೋನು ಚೀಲದಲ್ಲಿರಲಿ, ಇದು ಕಿವಿಯಲ್ಲಿರಲಿ. ಅವನು ಹೊರಗಿನಿಂದ ವಾಟ್ಸಾಪ್ ಕರೆ ಮಾಡಿ ಹೇಳಿಕೊಡುತ್ತಾನೆ, ಅವಳು ಹೇಳಿದಷ್ಟನ್ನು ಹೇಳಬೇಕು. ಅರ್ಥವಾದರೆ ಒಂದು ಸಲ ಕೆಮ್ಮಬೇಕು, ಆಗದಿದ್ದರೆ ಎರಡು ಸಲ. ಪವಿತ್ರಾ ಇಯರ್‌ಫೋನನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದಳು.

“ಕಿವಿ ಸ್ವಲ್ಪ ಮಂದ ಇದ್ದವರಿಗೂ ಇದು ಕೇಳ್ತದಾ?” ಅಂದಳು.

“ಕಲ್ಲಿಗೂ ಕೇಳ್ತದೆ ಮಾರಾಯ್ತಿ. ನಿನಗೆ ಕೇಳಲ್ವಾ?”

“ಆಯ್ತು,” ಅಂದಳು ಪವಿತ್ರಾ.

ಒಂದೇ ತೊಡಕು. ಹಲಸಿನಬೈಲಿನಲ್ಲಿ ಮೊಬೈಲ್ ಸಿಗ್ನಲ್ ಅನ್ನುವುದು ಹುಲಿಯ ಹಾಗೆ, ಇದೆ ಅಂತಾರೆ, ಕಂಡವರು ಕಡಿಮೆ. ಪಂಚಾಯ್ತಿ ಗೇಟಿನಿಂದ ಹೊರಗೆ ಅದು ಖಾತ್ರಿಯಾಗಿ ಸಿಗುವ ಜಾಗ ಒಂದೇ, ಎದುರಿನ ದಿಬ್ಬದ ನೀರಿನ ಟ್ಯಾಂಕಿನ ತಲೆ.

ಸೋಮವಾರ ಹತ್ತೂಕಾಲಿಗೆ ಸುಂದರೇಶ ಟ್ಯಾಂಕಿನ ಬುಡದಲ್ಲಿದ್ದ. ಕಬ್ಬಿಣದ ಏಣಿ ತುಕ್ಕು ಹಿಡಿದು ಹಪ್ಪಳವಾಗಿತ್ತು. ನಾಲ್ಕನೇ ಮೆಟ್ಟಿಲಿಗೆ ಅದು ನರಳಿತು, ಹತ್ತನೆಯದಕ್ಕೆ ಅತ್ತಿತು. ಅರ್ಧ ಹತ್ತಿದ ಮೇಲೆ ಸುಂದರೇಶನಿಗೆ ಒಂದು ಕಾಗದ ನೆನಪಾಯಿತು. ನೀರು ಬಿಡುವ ವಿಘ್ನೇಶ ಏಣಿ ಸರಿಯಿಲ್ಲ ಅಂತ ಮೂರು ಸಲ ಬಂದು ಹೇಳಿದ್ದ, ಮೂರು ಸಲವೂ ಇವನು ನೋಡೋಣ ಅಂದಿದ್ದ. ಕೊನೆಗೆ ಮೇಲಿನಿಂದ ವರದಿ ಕೇಳಿದಾಗ, ಯಾರದೋ ಮದುವೆ ಊಟಕ್ಕೆ ಹೊತ್ತಾಗುತ್ತದೆಂದು ‘ಏಣಿ ದುರಸ್ತಿ ಪೂರ್ಣಗೊಂಡಿದೆ’ ಅಂತ ಟೈಪು ಮಾಡಿಸಿ ಪವಿತ್ರಾಳ ಮುಂದೆ ತಳ್ಳಿದ್ದ. ಆ ಊಟದಲ್ಲಿ ಹೋಳಿಗೆ ಬಹಳ ಚೆನ್ನಾಗಿತ್ತು.

ಕೊನೆಯ ಮೆಟ್ಟಿಲಿನಿಂದ ಟ್ಯಾಂಕಿನ ತಲೆಯ ಮೇಲೆ ಕಾಲಿಟ್ಟನೋ ಇಲ್ಲವೋ, ಹಿಂದೆ ‘ಕಿರ್ರ್’ ಅಂತ ಸದ್ದಾಯಿತು. ತಿರುಗಿ ನೋಡಿದ. ಏಣಿ ದಣಿದ ಮುದುಕನ ಹಾಗೆ ನಿಧಾನವಾಗಿ ಹಿಂದಕ್ಕೆ ವಾಲಿ, ಕೆಳಗಿನ ಲಂಟಾನದ ಪೊದೆಯಲ್ಲಿ ಮಲಗಿತು.

ಕೂಗುವ ಹಾಗಿಲ್ಲ, ಕೂಗಿದರೆ ಗುಟ್ಟು ರಟ್ಟು. ಮೇಲೆ ಒಂದು ಚಾಪೆಯಗಲದ ಕಾಂಕ್ರೀಟು, ನಡುವೆ ಮುಚ್ಚಳ ಹಾರಿಹೋದ ಚೌಕದ ಬಾಯಿ, ಒಳಗೆ ಕಪ್ಪು ನೀರು. ಫೋನಿನಲ್ಲಿ ಬ್ಯಾಟರಿ ನೂರಕ್ಕೆ ಹದಿನೇಳು. ಇಳಿಯುವ ಯೋಚನೆ ಆಮೇಲೆ ಅಂದುಕೊಂಡು ಬೋರಲು ಮಲಗಿ ಕರೆ ಮಾಡಿದ.

ಕರೆ ಸೇರಿತು. ಚಾಪೆ ಬಿಚ್ಚುವ ಸದ್ದು, ಬಳೆ ಸದ್ದು, ಮಕ್ಕಳ ಅಳು ಎಲ್ಲ ಕೇಳಿಸಿತು.

“ಕೇಳ್ತಾ ಉಂಟಾ?” ಅಂತ ಪಿಸುಗುಟ್ಟಿದ.

ಒಂದು ಕೆಮ್ಮು. ಎದೆಯ ಆಳದಿಂದ ಬಂದ, ಬಹಳ ಒಳ್ಳೆಯ ಕೆಮ್ಮು. ಇಷ್ಟು ಚೆನ್ನಾಗಿ ಕಲಿತಿದ್ದಾಳಲ್ಲ ಅಂತ ಸುಂದರೇಶನಿಗೆ ಹೆಂಡತಿಯ ಮೇಲೆ ಅಭಿಮಾನ ಉಕ್ಕಿತು.

ಕೆಳಗೆ ಪಂಚಾಯ್ತಿ ಅಂಗಳದ ನೀಲಿ ಶಾಮಿಯಾನದ ಬೆನ್ನು ಮಾತ್ರ ಕಾಣುತ್ತಿತ್ತು, ಮುಖಗಳು ಕಾಣುತ್ತಿರಲಿಲ್ಲ. ಪವಿತ್ರಾಳ ದನಿ ಫೋನಿನಲ್ಲಿ ನಾಲ್ಕು ಮಾರು ದೂರದಿಂದ ಬಂದ ಹಾಗೆ ಬಂತು. ನೆಟ್‌ವರ್ಕಿನ ಗುಣ ಅಂದುಕೊಂಡ. ಸ್ವಾಗತ ಮುಗಿಯಿತು. ವಸಂತಮ್ಮ ಎದ್ದು ನಿಂತು ಗುಂಡಿಯ ಕತೆ ಶುರುಮಾಡಿದಳು. ಹೆಚ್ಚೇನೂ ಹೇಳಲಿಲ್ಲ. ಮಗು ಬಿದ್ದಾಗ ತಾನು ಹತ್ತು ಗಿಡದಾಚೆ ಇದ್ದೆ, ನೀರಿನ ಸದ್ದು ಕೇಳಿಸಿತ್ತು, ಕಪ್ಪೆ ಹಾರಿತು ಅಂದುಕೊಂಡೆ ಅಂದಳು. ಶಾಮಿಯಾನದ ಕೆಳಗೆ ಮಕ್ಕಳೂ ಅಳು ನಿಲ್ಲಿಸಿದ ಹಾಗಾಯಿತು.

ಟ್ಯಾಂಕಿನ ಮೇಲೆ ಸುಂದರೇಶನೂ ಚೌಕದ ಬಾಯಿಯಿಂದ ಒಂದು ಗೇಣು ಹಿಂದೆ ಸರಿದ. ಆದರೆ ತಿರುಗುವ ಕುರ್ಚಿ ಕಣ್ಣ ಮುಂದೆ ತಿರುಗಿತು. “ನೋಡೇ, ಈ ವಿಷಯ ಕಡೆಗೆ ತಗೊಳ್ಳೋಣ ಅನ್ನು. ಬೇರೆ ಮಾತು ಎತ್ತು.”

ಕೆಮ್ಮು. ಮರುಕ್ಷಣವೇ ಪವಿತ್ರಾಳ ದನಿ: ಈ ವಿಷಯ ದೊಡ್ಡದು, ಅವಸರ ಬೇಡ, ಕಡೆಗೆ ತಗೊಳ್ಳೋಣ.

ಸುಂದರೇಶ ಕಾಂಕ್ರೀಟಿಗೆ ಮುತ್ತು ಕೊಡುವುದೊಂದು ಬಾಕಿ. ಅಲ್ಲಿಂದ ಅವನ ಬಾಯಿಗೆ ಬಿಡುವಿಲ್ಲ. ಆ ಬೀದಿದೀಪಕ್ಕೆ ಹ್ಞೂಂ ಅನ್ನು. ಚರಂಡಿಗೆ ನೋಡೋಣ ಅನ್ನು. ನೀನಾಗಿ ಏನೂ ಹೇಳಬೇಡ. ನಗಬೇಡ. ಪ್ರತಿ ಮಾತಿಗೂ ಕೆಮ್ಮು ಬರುತ್ತಿತ್ತು, ಕೆಲವು ಸಲ ಅವನು ಹೇಳುವುದಕ್ಕೆ ಮುಂಚೆಯೇ ಬರುತ್ತಿತ್ತು. ಗಂಡನ ಮನಸ್ಸು ಇಷ್ಟು ಬಲ್ಲವಳು ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬಳಿಲ್ಲ ಅಂದುಕೊಂಡ.

ಆಗ ಹೊಟ್ಟೆ ತಣ್ಣಗಾಯಿತು. ನಿಜವಾಗಿಯೂ ತಣ್ಣಗಾಯಿತು. ವಿಘ್ನೇಶ ಹನ್ನೊಂದೂವರೆಗೆ ಮೋಟರ್ ಹಾಕಿದ್ದ. ಚೌಕದ ಬಾಯಿಯಿಂದ ನೀರು ಉಕ್ಕಿ ಟ್ಯಾಂಕಿನ ತಲೆಯೆಲ್ಲ ಹರಡಿ, ಸುಂದರೇಶನ ಬಿಳಿ ಅಂಗಿಯನ್ನು ಬಳಸಿಕೊಂಡು ಅಂಚಿನಿಂದ ಧಾರೆಯಾಗಿ ಇಳಿಯತೊಡಗಿತು. ಅವನು ಫೋನನ್ನು ಎತ್ತಿ ಹಿಡಿದು ಮಂಡಿಯೂರಿದ. ಬ್ಯಾಟರಿ ಆರು. ಮಂಡಿಯ ಕೆಳಗೆ ಪಾಚಿ. ಅತ್ತ ಜಾರಿದರೆ ಐವತ್ತು ಅಡಿ, ಇತ್ತ ಜಾರಿದರೆ ಟ್ಯಾಂಕಿನ ಹೊಟ್ಟೆ. ಇವನಿಗೆ ಈಜು ಬರುತ್ತಿರಲಿಲ್ಲ. ಆದರೂ ಕಿವಿಯಿಂದ ಫೋನು ತೆಗೆಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಪವಿತ್ರಾಳ ದನಿ ಬಂತು: ಈಗ ಕೂಸಿನ ಮನೆಯ ವಿಷಯ.

“ಉಪಸಮಿತಿ ಮಾಡೋಣ ಅನ್ನು,” ಸುಂದರೇಶ ಹಲ್ಲು ಕಟಕಟಿಸುತ್ತಾ ಹೇಳಿದ. “ಜಾಗ ಇಲ್ಲ ಅನ್ನು. ಆ ಕೋಣೆಯ ಸುದ್ದಿ ಎತ್ತಿದ್ರೆ ಗೋಡೆ ಬಿರುಕು ಬಿಟ್ಟಿದೆ ಅನ್ನು.”

ಎದುರು ಕ್ಯಾಂಟೀನಿನಲ್ಲಿ ಮಾಜಿ ಸದಸ್ಯ ಸೋಮಶೇಖರಪ್ಪ ಕೂತಿದ್ದರು. ಹಲಸಿನಬೈಲಿನಲ್ಲಿ ಒಂದು ಕೋಳಿ ತಪ್ಪು ಗೂಡಿಗೆ ಹೋದರೂ ಮೊದಲು ಅವರ ಕಣ್ಣಿಗೆ ಬೀಳಬೇಕು. ಟ್ಯಾಂಕ್ ತುಂಬಿ ಹರಿಯುವುದನ್ನು ಬೈಯಲು ತಲೆಯೆತ್ತಿದವರಿಗೆ, ನೀರಿನ ನಡುವೆ ಮಂಡಿಯೂರಿ ಒಂದು ಕೈ ಆಕಾಶಕ್ಕೆತ್ತಿದ ಮನುಷ್ಯ ಕಂಡ. ಲೋಟ ಕೆಳಗಿಟ್ಟು, ಕೊಡೆ ಎತ್ತಿ ತೋರಿಸಿ, ಸುಂದರೇಶ ಹಾರ್ತಾನೆ ಅಂತ ಅವರು ಕೂಗಿದ ಕೂಗು ಮುತ್ತಿನಕೊಪ್ಪದಲ್ಲಿ ನಿಂತ ಬಸ್ಸಿನವರಿಗೂ ಕೇಳಿಸಿತಂತೆ.

ಎರಡು ನಿಮಿಷದಲ್ಲಿ ಟ್ಯಾಂಕಿನ ಬುಡದಲ್ಲಿ ಊರು ನೆರೆಯಿತು. ಸಾಲ ಇರಬೇಕು ಅಂದರು ಒಬ್ಬರು. ಹೆಂಡತಿ ಎಂತದೋ ಅಂದಿರಬೇಕು ಅಂದರು ಇನ್ನೊಬ್ಬರು. ಸೋಮಶೇಖರಪ್ಪ, ಹಾರುವವರು ಏಣಿ ಕಿತ್ತು ಬಿಸಾಡ್ತಾರೆ, ಇದು ಗಟ್ಟಿ ಮನಸ್ಸಿನ ಕೇಸು ಅಂದರು. ಸಭೆ ಅರ್ಧಕ್ಕೆ ಎದ್ದು ಬಂತು. ಮುಂದೆ ನೀಲಾಂಬಿಕೆ, ಹಿಂದೆ ಮೈಕಿನ ಪೆಟ್ಟಿಗೆ ಎಳೆದುಕೊಂಡು ಪವಿತ್ರಾ, ಅವಳ ಹಿಂದೆ ಇನ್ನೂರು ಹೆಂಗಸರು.

ಸುಂದರೇಶನಿಗೆ ಸಾವು ಬದುಕಿನ ಯೋಚನೆ ಬರಲಿಲ್ಲ. ಫೋನಿನ ಯೋಚನೆ ಬಂತು. ಕೈಯಲ್ಲಿ ಹೊಳೆಯುತ್ತಿದೆ, ಕರೆ ಇನ್ನೂ ನಡೆಯುತ್ತಿದೆ. ಗಡಿಬಿಡಿಯಲ್ಲಿ ಒದ್ದೆ ಜೇಬಿಗೆ ತುರುಕಲು ಹೋದ. ಅದು ಮೀನಿನ ಹಾಗೆ ಜಾರಿ, ಚೌಕದ ಬಾಯಿಯೊಳಗೆ ‘ಗುಳಂ’ ಅಂತು.

ನೀಲಾಂಬಿಕೆ ಮೈಕು ತೆಗೆದುಕೊಂಡರು. “ಸುಂದರೇಶ್ ಅವರೇ, ಅಲ್ಲಿ ಏನು ಮಾಡ್ತಿದ್ದೀರಿ?”

“ಫೋನಲ್ಲಿ ಮಾತಾಡ್ತಿದ್ದ ಮೇಡಂ,” ಸೋಮಶೇಖರಪ್ಪ ಕೊಡೆಯಿಂದ ತೋರಿಸಿದರು. “ನಾನು ಕಂಡಾಗಿನಿಂದ. ಯಾರಿಗೋ ಪಾಠ ಹೇಳಿಕೊಟ್ಟ ಹಾಗೆ ಕೈ ಆಡಿಸ್ತಿದ್ದ.”

ನೀಲಾಂಬಿಕೆ ಪವಿತ್ರಾಳ ಕಡೆ ತಿರುಗಿದರು. ಪವಿತ್ರಾ ಸೆರಗು ಸರಿಮಾಡಿಕೊಂಡಳು. ಸುಂದರೇಶನಿಗೆ ಅಷ್ಟೆತ್ತರದಿಂದಲೂ ಆ ಅಧಿಕಾರಿಯ ಕೈ ಫೈಲಿನ ಕಡೆ ಹೋದದ್ದು ಕಂಡಿತು. ಫೈಲಿನಲ್ಲಿ ತನ್ನ ಕಾರ್ಡು. ಇನ್ನೊಂದು ಉಸಿರಿನೊಳಗೆ ಕಾರಣ ಹೇಳದಿದ್ದರೆ ಅವಳ ಅಧ್ಯಕ್ಷಗಿರಿ ಹೋಯಿತು, ತನ್ನ ಹುದ್ದೆ ಹೋಯಿತು, ಎಲ್ಲ ಹೋಯಿತು. ಟ್ಯಾಂಕ್ ಹತ್ತುವವರು ಯಾಕೆ ಹತ್ತುತ್ತಾರೆ? ಬೇಡಿಕೆಗೆ. ಏನು ಬೇಡಿಕೆ? ತಲೆಯೊಳಗೆ ನೀರಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಕಣ್ಣು ಕೆಳಗೆ ಹೋಯಿತು. ನೇರ ಕೆಳಗೆ ವಸಂತಮ್ಮ ನಿಂತಿದ್ದಳು, ಸೊಂಟದ ಮೇಲೆ ಮಗು.

“ಹೋರಾಟ ಮೇಡಂ,” ಅಂತ ಬಾಯಿ ತಾನಾಗಿ ಹೇಳಿತು. “ಕೂಸಿನ ಮನೆ ಆಗೋ ತನಕ ನಾನು ಇಳಿಯಲ್ಲ.”

ಬುಡದಲ್ಲಿ ಹೆಂಗಸರ ಚಪ್ಪಾಳೆ ಎದ್ದಿತು. ವಸಂತಮ್ಮ ಕೈ ಮುಗಿದಳು. ನೀಲಾಂಬಿಕೆಯ ಕೈ ಫೈಲಿನಿಂದ ಹಿಂದೆ ಬಂತು. ಬದುಕಿದೆ ಅಂದುಕೊಂಡ ಸುಂದರೇಶ. ಆಗ ಪವಿತ್ರಾ ಮೈಕು ತೆಗೆದುಕೊಂಡಳು.

“ಹೋರಾಟಗಾರರು ಸ್ಪಷ್ಟವಾಗಿ ಹೇಳಬೇಕು. ಸಭೆ ಇನ್ನೂ ಮುಗಿದಿಲ್ಲ, ನಡಾವಳಿಯಲ್ಲಿ ಬರೀಬೇಕು. ಕೂಸಿನ ಮನೆ ಎಲ್ಲಿ ಆಗಬೇಕು?”

ಸುಂದರೇಶ ಹೆಂಡತಿಯನ್ನು ನೋಡಿದ. ಅವಳು ಇಷ್ಟು ಉದ್ದದ ಮಾತಾಡಿದ್ದನ್ನು ಅವನು ಮೊದಲ ಸಲ ಕೇಳುತ್ತಿದ್ದ. ಎಲ್ಲಾದರೂ ಆಗಲಿ ಅಂದ. ಎಲ್ಲಾದರೂ ಅಂತ ಬರೆಯಲು ಬರುವುದಿಲ್ಲ ಅಂದಳು. ಶಾಲೆಯ ಜಗಲಿ ಅಂದ. ಅಲ್ಲಿ ನಲ್ಲಿ ಇಲ್ಲವಲ್ಲ ಅಂದಳು. ನೀರು ಮೊಣಕಾಲು ಮುಳುಗಿಸಿ ಹರಿಯುತ್ತಿತ್ತು, ಪಾಚಿಯ ಮೇಲೆ ಮಂಡಿ ಅಂಗುಲ ಅಂಗುಲವಾಗಿ ಅಂಚಿನ ಕಡೆ ಜಾರುತ್ತಿತ್ತು, ಮೋಟರ್ ಆರಿಸಬೇಕಾದ ವಿಘ್ನೇಶ ಬಾಯಿ ತೆರೆದು ಹೋರಾಟ ನೋಡುತ್ತಿದ್ದ.

“ನನ್ನ ಕೋಣೆ,” ಅಂದ ಸುಂದರೇಶ. ಅಳುವ ದನಿಯಲ್ಲಿ ಬಂತು. ಕೆಳಗಿನವರು ಅದನ್ನು ತ್ಯಾಗದ ದನಿ ಅಂದುಕೊಂಡರು.

“ಅಧ್ಯಕ್ಷರ ಪತಿಯವರ ಕೋರಿಕೆಗೆ ಒಪ್ಪಿಗೆ ಇದ್ದವರು ಕೈ ಎತ್ತಿ,” ಅಂದಳು ಪವಿತ್ರಾ. ಇನ್ನೂರು ಕೈ ಎದ್ದವು. ಗಾಬರಿಯಲ್ಲಿ ಸೋಮಶೇಖರಪ್ಪನವರ ಕೊಡೆಯೂ ಎದ್ದಿತು.

ಇನ್ನು ಇಳಿಸುವ ಮಾತು. ಅಧ್ಯಕ್ಷೆ ವಿಘ್ನೇಶನನ್ನು ಕರೆದಳು. ಅವನು ನೀರು ಬಿಡುವ ಹೊತ್ತು ಬಿಟ್ಟರೆ ಅಡಿಕೆ ಕೊನೆ ಕೊಯ್ಯುವವನು, ಮರದಿಂದ ಮರಕ್ಕೆ ನೆಲ ಮುಟ್ಟದೆ ಶೃಂಗೇರಿಗೆ ಹೋಗಿ ಬರಬಲ್ಲ. ಆದರೆ ಅವನು ಕದಲಲಿಲ್ಲ.

“ಏಣಿ ದುರಸ್ತಿ ಆಗಿದೆಯಲ್ಲ ಅಕ್ಕ, ಕಾಗದದಲ್ಲಿ,” ಅಂದ. “ಸುಂದರಣ್ಣ ಆ ಕಾಗದದ ಏಣಿಯಲ್ಲೇ ಇಳೀಲಿ.”

ಪವಿತ್ರಾ ನಗಲಿಲ್ಲ. ಆ ಕಾಗದಕ್ಕೆ ಓದದೆ ಸಹಿ ಹಾಕಿದ್ದು ತನ್ನ ತಪ್ಪು, ಹಾಕಿದ ಮೇಲೆ ಓದಿದೆ, ಅವತ್ತಿನಿಂದ ಒಂದನ್ನೂ ಓದದೆ ಹಾಕಿಲ್ಲ ಅಂತ ಮೈಕಿನಲ್ಲೇ ಹೇಳಿದಳು. ಹೊಸ ಏಣಿ ಎರಡನೇ ನಿರ್ಣಯವಾಯಿತು. ಟ್ಯಾಂಕ್ ತೊಳೆಸಿ ಒಂದು ಫೋನು ಹೊರಗೆ ತೆಗೆಯುವುದು ಮೂರನೆಯದು. ಆಮೇಲೆ ವಿಘ್ನೇಶ ಮೋಟರ್ ಆರಿಸಿ, ಪಕ್ಕದ ಮರ ಹತ್ತಿ, ಟ್ಯಾಂಕಿನ ಮೇಲೆ ಹಾರಿ, ಸುಂದರೇಶನ ಸೊಂಟಕ್ಕೆ ಹಗ್ಗ ಬಿಗಿದು, ಅಡಿಕೆ ಕೊನೆ ಇಳಿಸುವ ಹಾಗೆಯೇ ಸರ್ರನೆ ಇಳಿಸಿದ. ಕೆಳಗೆ ಹಗ್ಗ ಹಿಡಿದ ಹೆಂಗಸರು, ಇದು ಬಲಿತದ್ದಾ ಎಳೆಯದಾ ಅಂತ ಕೇಳಿಕೊಂಡು ನಕ್ಕರು.

ಸಂಜೆ ನಾಲ್ಕಕ್ಕೆ ಬಾಗಿಲಿನ ಬೋರ್ಡು ಇಳಿದಿತ್ತು. ತಿರುಗುವ ಕುರ್ಚಿ ಹೊರಗೆ ಬಂದು, ಅದರಲ್ಲಿ ಪವಿತ್ರಾ ಕೂತಿದ್ದಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಲ್ ಕಲೆಕ್ಟರನ ಟವೆಲು ಹೊದ್ದು ಸುಂದರೇಶ. ಒಳಗೆ ವಸಂತಮ್ಮನ ಮಗು ಟೈಲ್ಸ್ ಮೇಲೆ ಜಾರಿ ಜಾರಿ ಕೇಕೆ ಹಾಕುತ್ತಿತ್ತು, ಯಾರೂ ಅದನ್ನು ಎತ್ತಿಕೊಂಡಿರಲಿಲ್ಲ. ಹೋದದ್ದು ಒಂದು ಕೋಣೆ ತಾನೇ ಅಂತ ಸುಂದರೇಶ ಸಮಾಧಾನ ಮಾಡಿಕೊಂಡ. ಕಿವಿಯ ಗುಟ್ಟು ಉಳಿದಿದೆ, ಹುದ್ದೆ ಉಳಿದಿದೆ, ಬೇರೆ ಫೋನು ತಂದರೆ ಆಯಿತು. ಸಭೆಯ ಕೊನೆಯಲ್ಲಿ ಅವಳು ತಪ್ಪಿದ್ದೂ ಫೋನು ನೀರಿಗೆ ಬಿದ್ದು ತನ್ನ ದನಿ ನಿಂತದ್ದರಿಂದಲೇ.

ನೀಲಾಂಬಿಕೆ ನಡಾವಳಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು. ಆಗ ಎಸ್ಟೇಟಿನ ಲೈನುಮನೆಗಳ ಕಡೆಯ ಪಂಚಾಯ್ತಿ ಸದಸ್ಯೆ ಸುಬ್ಬಿ ಬಂದಳು. ಎಪ್ಪತ್ತು ವರ್ಷ, ಬಾಯಿ ತುಂಬ ಹೊಗೆಸೊಪ್ಪು, ಕಿವಿ ಮಂದ. ಮೆಟ್ಟಿಲು ಹತ್ತಿ ನಿಂತು, ಎದೆಯ ಆಳದಿಂದ ಒಂದು ಸಲ ಕೆಮ್ಮಿದಳು.

ಸುಂದರೇಶನ ಮೈಮೇಲಿನ ಟವೆಲು ಜಾರಿತು. ಆ ಕೆಮ್ಮು ಅವನಿಗೆ ಗುರುತಿತ್ತು.

ಸುಬ್ಬಿ ಸೆರಗಿನ ಗಂಟು ಬಿಚ್ಚಿ ಹುಣಸೆಬೀಜದಷ್ಟು ಸಾಮಾನು ಮೇಜಿನ ಮೇಲಿಟ್ಟಳು. ಕಿವಿ ಕೇಳದವರು ಮಾತಾಡುವ ಹಾಗೆ ಊರಿಗೆಲ್ಲ ಕೇಳುವಂತೆ ಹೇಳಿದಳು: “ಪವಿತ್ರಮ್ಮ, ಬೆಳಿಗ್ಗೆ ನೀನು ಕೊಟ್ಟ ಈ ಕಿವಿ ಮಿಷನ್ ಸರಿ ಇಲ್ಲ ಮಗಾ. ಜನ ಮಾತಾಡಿದ್ದು ಒಂದೂ ಕೇಳಲ್ಲ. ಒಳಗೆ ಒಬ್ಬ ಗಂಡಸು ಕೂತು ಒಂದೇ ಸಮ ಬೈತಾನೆ. ಮಧ್ಯಾಹ್ನ ಗುಳಂ ಅಂತ ನೀರಿಗೆ ಬಿದ್ದ ಹಾಗೆ ಮಾಡಿ ಸುಮ್ಮನಾದ.”

ನೀಲಾಂಬಿಕೆಯ ಪೆನ್ನು ನಿಂತಿತು. ಅವರು ಇಯರ್‌ಫೋನನ್ನು ನೋಡಿದರು, ಒದ್ದೆ ತಲೆಯ ಸುಂದರೇಶನನ್ನು ನೋಡಿದರು.

“ಏನಂತ ಬೈತಾನೆ ಅಜ್ಜಿ?” ಅಂತ ಗಟ್ಟಿಯಾಗಿ ಕೇಳಿದರು.

“ನೀನು ಸುಮ್ಮನಿರು, ನಾನು ಹೇಳಿದಷ್ಟು ಹೇಳು ಅಂತ.”

ಪವಿತ್ರಾ ಅದನ್ನು ಮೆಲ್ಲಗೆ ಎತ್ತಿ ಸುಬ್ಬಿಯ ಅಂಗೈಯಲ್ಲಿಟ್ಟು, ಬೆರಳು ಮಡಚಿದಳು.

“ಇಟ್ಕೊಳ್ಳಿ ಅಜ್ಜಿ. ಮಿಷನ್ ಸರಿ ಇದೆ. ಮೊದಮೊದಲು ಹಾಗೇ ಕೇಳಿಸ್ತದೆ. ಎರಡು ವರ್ಷ ಆದ ಮೇಲೆ ಏನೂ ಕೇಳಿಸಲ್ಲ.”